ಮಾವ ಮಾಡಿದ ಐದು ಪೆಟ್ಟಿಗೆಗಳು

ನಾನು ಸೊಸೆಯಾಗಿ ಆ ಮನೆಗೆ ಕಾಲಿಟ್ಟಾಗ ಯುದ್ಧ ಮುಗಿದು ಹದಿನೈದು ವರ್ಷವಾಗಿತ್ತು. ಮನೆಯ ಮುಂಭಾಗವೆಲ್ಲ ಮಾವನ ಬಡಗಿ ಅಂಗಡಿ. ಹಿಂದೆ ಎರಡು ಕೋಣೆ, ಒಂದು ಅಡುಗೆಮನೆ, ಅದರಾಚೆ ಹಲಗೆ ಒಣಗಿಸುವ ಹಿತ್ತಿಲು. ಬೀದಿಯಿಂದ ಒಳಗೆ ಬರುವವರು ಯಾರೇ ಆಗಲಿ, ಮರದ ಹೊಟ್ಟು ತುಳಿದುಕೊಂಡೇ ಬರಬೇಕು. ಹಾಸಿಗೆಯಲ್ಲಿ ಹೊಟ್ಟು, ಸಕ್ಕರೆ ಡಬ್ಬದಲ್ಲಿ ಹೊಟ್ಟು, ಎರಡೇ ದಿನಕ್ಕೆ ನನ್ನ ಜಡೆಯಲ್ಲೂ ಹೊಟ್ಟು. "ಈ ಮನೇಲಿ ಅನ್ನ ಅರ್ಧ ಹೊಟ್ಟು ಅರ್ಧ, ನಿಂಗೂ ಅಭ್ಯಾಸ ಆಗತ್ತೆ ಬಿಡು" ಎಂದು ಅತ್ತೆ ಧೈರ್ಯ ಹೇಳಿದರು.

ಮಾವನಿಗೆ ಊರಿನವರು ಇಟ್ಟ ಹೆಸರು ಮೂಲೆಮಟ್ಟ. ಮೂಲೆ ನೇರವಾಗಿದೆಯೇ ಎಂದು ನೋಡಲು ಬಡಗಿಗಳು ಹಿಡಿಯುವ ಪಟ್ಟಿ ಅದು. ಬಾಗಿಲು ಕೂರಿಸಿ ಬಂದ ಮೇಲೂ ಮನಸ್ಸು ತಡೆಯದೆ, ವಾರ ಬಿಟ್ಟು ಮತ್ತೆ ಆ ಮನೆಗೆ ಹೋಗಿ, ನಾಲ್ಕು ಸಲ ತೆಗೆದು ಹಾಕಿ, ಕಿವಿಗೊಟ್ಟು ಕೇಳಿ ಬರುವ ಮನುಷ್ಯ. "ಮೂಲೆಮಟ್ಟನ ಮನೆ ಬೆಕ್ಕು ಕೂಡ ತೊಂಬತ್ತು ಡಿಗ್ರಿಗೇ ತಿರುಗೋದು" ಎಂದು ಬೀದಿಯಲ್ಲಿ ನಗುತ್ತಿದ್ದರು. ಮಾತು ಕಡಿಮೆ, ಸುಳ್ಳಂತೂ ಇಲ್ಲವೇ ಇಲ್ಲ. ಹೇಳಿದ ದಿನಕ್ಕೆ ಕೆಲಸ ಮುಗಿಯುವಂತಿಲ್ಲದಿದ್ದರೆ ಹಿಂದಿನ ದಿನವೇ ಗಿರಾಕಿಯ ಮನೆಗೆ ಹೋಗಿ "ನಾಳೆ ಆಗಲ್ಲ" ಎಂದು ಹೇಳಿ ಬರುವ ಬಡಗಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಒಬ್ಬರನ್ನೇ ಕಂಡದ್ದು.

ಅಂಥವರು ವರ್ಷಕ್ಕೆ ಒಂದು ದಿನ ಮಾತ್ರ ಹೇಡಿಯ ಹಾಗೆ ಹಿತ್ತಿಲಿಗೆ ಓಡುತ್ತಿದ್ದರು.

ಪ್ರತಿ ವರ್ಷ ಬೇಸಿಗೆ ಮುಗಿಯುತ್ತ ಬಂದ ಒಂದು ನಿಗದಿತ ದಿನ, ಬೆಳಗಿನ ಬಸ್ಸಿಗೆ ಒಬ್ಬ ಹೆಂಗಸು ಬಂದಿಳಿಯುತ್ತಿದ್ದಳು. ದೂರದ ಬಂದರು ಪಟ್ಟಣದಲ್ಲಿ ಕನ್ನಡಕದ ಗಾಜು ಉಜ್ಜುವ ಕೆಲಸ ಅವಳದು. ಉಜ್ಜಿ ಉಜ್ಜಿ ಹೆಬ್ಬೆರಳಿನ ಗೆರೆಗಳೇ ಸವೆದುಹೋಗಿ, ಬೆರಳ ತುದಿ ಗಾಜಿನಷ್ಟೇ ನುಣುಪಾಗಿತ್ತು. ನಮ್ಮ ಮನೆಯಲ್ಲಿ ಅವಳು ಕನ್ನಡಕದಮ್ಮ. ಅವಳ ಗಂಡ ಯುದ್ಧದಲ್ಲಿ ಬಾಂಬು ಹಾಕುವ ವಿಮಾನದ ಬಾಲದಲ್ಲಿ ಕೂತು ಬಂದೂಕು ನಡೆಸುತ್ತಿದ್ದವನು. ಆ ವಿಮಾನ ನಮ್ಮೂರ ಹೊರಗೆ ಬಿದ್ದಿತ್ತು. ಸತ್ತವರ ಐದು ಗೋರಿಗಳು ಊರಿನ ಸ್ಮಶಾನದಲ್ಲಿ ಸಾಲಾಗಿದ್ದವು. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯಲ್ಲಿ ಅರ್ಧ ಗಂಟೆ ಕೂತು, ಅತ್ತೆ ಕೊಟ್ಟ ಟೀ ಕುಡಿದು, "ಮೇಸ್ತ್ರಿಗಳು ಇಲ್ವಾ? ನಮ್ಮೋರ ಪೆಟ್ಟಿಗೆ ಮಾಡಿದ್ದು ಅವರೇ ಅಂತ ಕೇಳಿದ್ದೆ. ಒಂದ್ಸಲ ನೋಡಿ ಒಂದು ಮಾತು ಹೇಳಬೇಕಿತ್ತು" ಅನ್ನುತ್ತಿದ್ದಳು.

ಮೊದಲ ವರ್ಷ ನಾನು ಹೊಸಬಳು. ಮಾವನನ್ನು ಕರೆಯಲು ಹಿತ್ತಿಲಿಗೆ ಓಡಿದೆ. ಆಗಲೇ ಜೋಡಿಸಿಟ್ಟಿದ್ದ ಹಲಗೆಗಳನ್ನು ಅವರು ಮತ್ತೆ ಇಳಿಸಿ ಜೋಡಿಸುತ್ತಿದ್ದರು.

"ಇಲ್ಲ ಅಂತ ಹೇಳು" ಅಂದರು, ನನ್ನ ಕಡೆ ತಿರುಗದೆ.

ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ಅದನ್ನೂ ನನ್ನ ಬಾಯಿಂದಲೇ ಹೇಳಿಸಿದರು.

ಮೂರನೆಯ ವರ್ಷ ಅವಳು ಬಂದುಹೋದ ಮೇಲೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಆಗ ಹೇಳಿದ್ದು ಇದು.

ಯುದ್ಧ ಮುಗಿಯಲು ಇನ್ನೂ ಎರಡು ವರ್ಷ ಇತ್ತು. ಒಂದು ಬೆಳಗ್ಗೆ ಹತ್ತರ ಹೊತ್ತಿಗೆ ಬೆಟ್ಟಸಾಲಿನ ಕಡೆಯಿಂದ ನಮ್ಮ ಕಡೆಯದೇ ಒಂದು ವಿಮಾನ ಬಂತು. ಒಂದು ರೆಕ್ಕೆಗೆ ಬೆಂಕಿ ಹತ್ತಿತ್ತು. ಬಾಂಬುಗಳನ್ನೆಲ್ಲ ಶತ್ರುಗಳ ಕಡೆ ಹಾಕಿ ವಾಪಸು ಬರುತ್ತಿದ್ದದ್ದು. ಊರಿನ ಮೇಲೆ ಬೀಳದ ಹಾಗೆ ಅದನ್ನು ನಡೆಸುವವನು ಕೊನೆಯ ಗಳಿಗೆಯಲ್ಲಿ ತಿರುಗಿಸಿದ ಎಂದು ಕಂಡವರು ಹೇಳಿದರು. ಇಟ್ಟಿಗೆ ಗೂಡಿನಾಚೆಯ ಬೀಳುಭೂಮಿಗೆ ಬಡಿದು, ಮಧ್ಯಾಹ್ನದವರೆಗೂ ಉರಿಯಿತು. ಬಾಲ ಮಾತ್ರ ಮುರಿದು ಹಳ್ಳದ ದಂಡೆಯಲ್ಲಿ ಬೇರೆಯಾಗಿ ಬಿದ್ದಿತ್ತು.

ಸಂಜೆಗೆ ಸೇನೆಯ ಒಬ್ಬ ಅಧಿಕಾರಿ ಇಬ್ಬರು ಸಿಪಾಯಿಗಳ ಜೊತೆ ಬಂದ. ಮೂವತ್ತರ ಆಸುಪಾಸಿನವನು, ಒಂದು ಕೈಗೆ ಪಟ್ಟಿ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದ. ಜೇಬಿನಲ್ಲಿ ಐದು ಹೆಸರಿನ ಚೀಟಿ. ನಾಳೆ ಮಧ್ಯಾಹ್ನದೊಳಗೆ ಐದು ಶವಪೆಟ್ಟಿಗೆ ಬೇಕು ಎಂದ. ಊರಿನಲ್ಲಿ ಆಗ ಮರ ಎಲ್ಲಿತ್ತು? ಯಾರೋ ಮಾಡಿಸಲು ಕೊಟ್ಟಿದ್ದ ಕಪಾಟಿನ ಹಲಗೆ, ಅಂಗಡಿಯ ಅಟ್ಟದ ಹಲಗೆ, ಕೊನೆಗೆ ಅತ್ತೆಯ ಅಡುಗೆಮನೆಯ ಬಾಗಿಲು ಎಲ್ಲ ಬಿಚ್ಚಿ ಮಾವ ಐದು ಪೆಟ್ಟಿಗೆ ಮಾಡಿದರು. ಮರುದಿನ ಕೈಗಾಡಿಯಲ್ಲಿ ಹೇರಿಕೊಂಡು ಬೀಳುಭೂಮಿಗೆ ಹೋದರು.

ಸಿಕ್ಕಿದ್ದು ಮೂರೇ ದೇಹ. ವಿಮಾನ ನಡೆಸುವವನು ಕೂತ ಜಾಗದಲ್ಲೇ ಇದ್ದ. ದಾರಿ ನೋಡುವವನು ಅವನ ಪಕ್ಕದಲ್ಲಿ. ಮೂಗಿನ ಕಡೆಯ ಬಂದೂಕಿನವನು ಮುಂದೆ. ರೇಡಿಯೋದವನು ಕೂರುವ ಜಾಗ ಉರಿದು ಬೂದಿಯಾಗಿತ್ತು. ಬಾಲದಲ್ಲಿ ಯಾರೂ ಇರಲಿಲ್ಲ.

ಅಧಿಕಾರಿ ಮಾವನಿಗೆ ಹೇಳಿದನಂತೆ: "ಮೇಸ್ತ್ರಿ, ಐವರೂ ಹೋಗಿದ್ದಾರೆ. ಅದರಲ್ಲಿ ನನಗೆ ಅನುಮಾನ ಇಲ್ಲ. ಈ ಇಬ್ಬರನ್ನ ಕಾಣೆ ಅಂತ ಬರೆದ್ರೆ ಏನಾಗತ್ತೆ ಗೊತ್ತಾ? ಮನೆಯೋರು ಕಾಯ್ದೆ ಹೇಳೋ ಏಳು ವರ್ಷ ಬಾಗಿಲು ನೋಡ್ತಾ ಕೂರ್ತಾರೆ. ನನ್ನ ಅಣ್ಣನ್ನ ಹಾಗೆ ಬರೆದ್ರು. ನಮ್ಮಮ್ಮ ಈಗಲೂ ಅವನಿಗೊಂದು ತಟ್ಟೆ ಇಡ್ತಾಳೆ. ಐದೂ ಪೆಟ್ಟಿಗೆ ಮುಚ್ಚಿಬಿಡಿ."

ಮಾವ ಮುಚ್ಚಿದರು. ಹೊರುವವರಿಗೆ ಹಗುರ ತಿಳಿಯಬಾರದೆಂದು ಎರಡು ಪೆಟ್ಟಿಗೆಗೆ ಮರದ ತುಂಡುಗಳನ್ನು ತುಂಬಿದರು. ಅಲುಗಿದರೆ ಸದ್ದಾಗುತ್ತದೆಂದು ತುಂಡುಗಳಿಗೆ ಗೋಣಿ ಸುತ್ತಿದರು. ಮುಚ್ಚಳದ ಮೇಲೆ ಹೆಸರು ಬರೆಯಬೇಕಿತ್ತು. ಮಾವನ ಅಕ್ಷರ ಕೋಳಿ ಕೆದರಿದ ಹಾಗೆ. ಅತ್ತೆಯದು ಮುತ್ತು ಪೋಣಿಸಿದ ಹಾಗೆ. ಮೂರು ಹೆಸರು ಬರೆದು ಅತ್ತೆ ಕುಂಚ ಕೆಳಗಿಟ್ಟರು.

"ಒಳಗೆ ಯಾರೂ ಇಲ್ಲದ ಪೆಟ್ಟಿಗೆ ಮೇಲೂ ಬರೀಬೇಕಾ?"

"ಬರಿ. ಹೆಸರಾದ್ರೂ ಇರ್ಲಿ" ಅಂದರು ಮಾವ.

ಅತ್ತೆ ಬರೆದರು. ಊರಿಗೆ ಊರೇ ಸೇರಿ ಐದು ಪೆಟ್ಟಿಗೆ ಹೊತ್ತು ಮಣ್ಣು ಮಾಡಿತು. ಯುದ್ಧ ಮುಗಿದ ಮೇಲೆ ಅದೇ ಹೆಸರುಗಳ ಕಲ್ಲುಗಳು ಬಂದವು.

"ನಿನ್ನ ಗಂಡನಿಗೂ ಹೇಳಿಲ್ಲ" ಎಂದು ಅತ್ತೆ ಮುಗಿಸಿದರು. "ನಿಂಗ್ಯಾಕೆ ಹೇಳ್ದೆ ಅಂದ್ರೆ, ನಾನು ಹೋದ ಮೇಲೆ ಇವರು ಹಿತ್ತಿಲಿಗೆ ಯಾಕೆ ಓಡ್ತಾರೆ ಅಂತ ತಿಳಿದೋರು ಮನೇಲಿ ಒಬ್ಬರಾದ್ರೂ ಇರಬೇಕಲ್ಲ."

ಅದಾಗಿ ಇನ್ನೂ ನಾಲ್ಕು ವರ್ಷ ಕಳೆಯಿತು. ವಿಮಾನ ಬಿದ್ದು ಇಪ್ಪತ್ತನಾಲ್ಕು ವರ್ಷ. ಮಾವನಿಗೆ ಅರವತ್ತಾರು. ಒಂದು ಮಧ್ಯಾಹ್ನ ಅವರು ಕಪಾಟಿನ ಡ್ರಾಯರೊಂದನ್ನು ಹೊಂದಿಸುತ್ತಿದ್ದರು; ನಾನು ಪಕ್ಕದಲ್ಲಿ ಕೂತು ಮರಳುಕಾಗದದಿಂದ ಕುರ್ಚಿಯ ಕೈ ಉಜ್ಜುತ್ತಿದ್ದೆ. ಐವತ್ತರ ಒಬ್ಬ ಗಂಡಸು ಅಂಗಡಿಯ ಹೊಸ್ತಿಲಲ್ಲಿ ಬಂದು ನಿಂತ. ಬಲಗೈ ಬೆರಳುಗಳಲ್ಲಿ ಟಿಕೆಟ್ಟಿನ ಶಾಯಿ ಇಳಿದು ಕಪ್ಪಾಗಿತ್ತು. ಬಸ್ಸಿನ ಕಂಡಕ್ಟರು ಎಂದು ನೋಡಿದರೇ ತಿಳಿಯುತ್ತಿತ್ತು.

"ಸ್ಮಶಾನದ ಕಾವಲುಗಾರ ಹೇಳ್ದ, ವಿಮಾನದೋರ ಪೆಟ್ಟಿಗೆ ಮಾಡಿದ ಮೇಸ್ತ್ರಿ ನೀವೇ ಅಂತ."

"ಹೌದು."

"ಎಡಗಡೆಯಿಂದ ನಾಲ್ಕನೇದರಲ್ಲಿ ಯಾರಿದ್ದಾರೆ?"

ಮಾವ ಕಲ್ಲಿನ ಮೇಲಿದ್ದ ಹೆಸರು ಹೇಳಿದರು.

"ಆ ಹೆಸರು ನಂದು" ಎಂದ ಬಂದವನು.

ಡ್ರಾಯರು ಮಾವನ ಕೈಯಿಂದ ಜಾರಿತು. ಅದು ಅವರ ಕಾಲ ಮೇಲೆ ಬಿದ್ದದ್ದು ನನಗೆ ಕಂಡಿತು. ಅವರಿಗೆ ತಿಳಿದಂತೆ ಕಾಣಲಿಲ್ಲ. "ಕೂತ್ಕೊಳ್ಳಿ" ಅಂದವರು ತಾವೇ ಮರದ ದಿಮ್ಮಿಯ ಮೇಲೆ ಕುಸಿದು ಕೂತರು. ಒಳಗಿನಿಂದ ಬಂದ ಅತ್ತೆಗೂ ವಿಷಯ ತಿಳಿಯಿತು. ಆಮೇಲೆ ಅವರಿಗೆ ತೋಚಿದ್ದು ಟೀ ಮಾಡುವುದೊಂದೇ. ಸಕ್ಕರೆ ಎಷ್ಟು ಹಾಕಲಿ ಎಂದು ನಾನು ಕೇಳಿದ್ದಕ್ಕೆ ಕಂಡಕ್ಟರು, "ಧಾರಾಳವಾಗಿ ಹಾಕಮ್ಮ. ಸತ್ತೋನಿಗೆ ಸಕ್ಕರೆ ಕಾಯಿಲೆ ಭಯ ಇಲ್ಲ" ಎಂದ. ಯಾರೂ ನಗಲಿಲ್ಲ. ಆದರೆ ಎಲ್ಲರೂ ಉಸಿರು ಬಿಟ್ಟದ್ದು ಆಗಲೇ.

ಅವನು ವಿಮಾನದ ರೇಡಿಯೋದವನು. ಬೆಂಕಿ ಹತ್ತಿದಾಗ ಅವರು ಬೆಟ್ಟಸಾಲಿನ ಆಚೆ ಇದ್ದರು. ಹಿಂದಿನವರು ಹಾರಿಕೊಳ್ಳಿ ಎಂದು ಮುಂದಿನಿಂದ ಆಜ್ಞೆ ಬಂತು. ಬಾಲದ ಬಳಿಯ ಬಾಗಿಲಿನಿಂದ ಇವನು ಮೊದಲು ಹಾರಿದ. ಪ್ಯಾರಾಚೂಟು ಬಿಚ್ಚಿಕೊಂಡ ಮೇಲೆ ತಿರುಗಿ ನೋಡಿದರೆ ದೂರದಲ್ಲಿ ಇನ್ನೊಂದು ಬಿಳಿ ಕೊಡೆ. ಗಾಳಿ ಇವನನ್ನು ನದಿಯಾಚೆ ಒಯ್ದಿತು. ಇಳಿದ ಅರ್ಧ ಗಂಟೆಯಲ್ಲಿ ಶತ್ರುಗಳ ಕೈಗೆ ಸಿಕ್ಕ. ಎರಡು ವರ್ಷ ಸೆರೆ. ಬಿಡುಗಡೆಯಾಗಿ ಮನೆಗೆ ಹೋದಾಗ ತಾಯಿ ಬಾಗಿಲು ತೆಗೆದು, ಮತ್ತೆ ಹಾಕಿಕೊಂಡಳಂತೆ. ಮಗನನ್ನು ಮಣ್ಣು ಮಾಡಿದ ಪತ್ರ ಅವಳ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

"ಸೇನೆ ಕಚೇರಿಗೆ ಹೋದೆ. ಇನ್ನೊಂದು ಕೊಡೆ ನೋಡಿದೀನಿ ಅಂದೆ. ಅವರು ಕಾಗದ ತೆಗೆದ್ರು. ಐದು ಪೆಟ್ಟಿಗೆ, ಐದು ಹೆಸರು. 'ನೀವು ಬದುಕಿದೀರಿ ಅಂದ್ರೆ ನಿಮ್ಮ ಪೆಟ್ಟಿಗೇಲಿ ಏನೋ ತಪ್ಪಾಗಿದೆ. ಉಳಿದ ನಾಲ್ವರು ಸಿಕ್ಕಿದ್ದಾರೆ. ನೀವು ನೋಡಿದ್ದು ಹೊಗೆ ಇರಬೇಕು' ಅಂದ್ರು. ಗೋರಿ ಅಗೆಸಿ ನೋಡೋಣ ಅಂದ್ರೆ ನಮ್ಮಮ್ಮ ಬಿಡಲಿಲ್ಲ. ಬದುಕಿರೋನ ಗೋರಿ ಮುಟ್ಟಬಾರದು ಅಂತ ಅವಳ ಹಟ. ಹೋದ ತಿಂಗಳು ಅವಳೂ ಹೋದಳು." ಲೋಟ ಕೆಳಗಿಟ್ಟ. "ದಿನಾ ಮುನ್ನೂರು ಜನಕ್ಕೆ ಎಲ್ಲಿ ಇಳೀಬೇಕು ಅಂತ ಹೇಳೋನು ನಾನು. ನನ್ನ ಹೆಸರಿನ ಕೆಳಗೆ ಯಾರು ಮಲಗಿದ್ದಾರೋ ಅದೇ ಗೊತ್ತಿಲ್ಲ. ಈ ಊರಿನೋರು ಯಾರಾದ್ರೂ ಆಗ ಸತ್ತಿದ್ರಾ? ಸುಳ್ಳು ಹೇಳಬೇಡಿ ಮೇಸ್ತ್ರಿ. ಇಪ್ಪತ್ತನಾಲ್ಕು ವರ್ಷ ಇನ್ನೊಬ್ಬರ ಜಾಗದಲ್ಲಿ ಬದುಕಿದ ಹಾಗಾಗಿದೆ ನಂಗೆ."

"ಯಾರೂ ಇಲ್ಲ" ಅಂದರು ಮಾವ. "ಮರದ ತುಂಡು. ಗೋಣಿ ಸುತ್ತಿದ್ದು. ನಿಮ್ಮದರಲ್ಲೂ ಅದೇ, ಐದನೇದರಲ್ಲೂ ಅದೇ."

"ಐದನೇದು ಬಾಲದ ಬಂದೂಕಿನೋನದಲ್ವಾ?"

"ಹೌದು."

ಕಂಡಕ್ಟರು ಎದ್ದು ನಿಂತ. ಸಿಟ್ಟು ಬಂದಿದೆ ಎಂದು ನಾನು ತಿಳಿದೆ. ಆದರೆ ಅವನ ಮುಖ ಬಿಳಿಚಿಕೊಂಡಿತ್ತು. "ಹಾಗಾದ್ರೆ ಅದು ಹೊಗೆ ಅಲ್ಲ" ಎಂದ. ಅಷ್ಟು ವರ್ಷ ತನ್ನ ಕಣ್ಣನ್ನೇ ನಂಬದೆ ಬದುಕಿದ್ದ ಮನುಷ್ಯ. ಮತ್ತೆ ಅದನ್ನೇ ಹೇಳಿದ. "ಹೊಗೆ ಅಲ್ಲ."

"ಅಲ್ಲ. ನನಗೆ ಅವತ್ತೇ ಗೊತ್ತಿತ್ತು" ಅಂದರು ಮಾವ.

ಅತ್ತೆ ಅವರನ್ನೇ ನೋಡಿದರು. ಈ ಮಾತು ಅತ್ತೆಗೂ ಹೊಸದು.

"ಬಾಲದ ಹತ್ತಿರ ಹೋಗಿ ನೋಡಿದ್ದೆ. ಒಡೆದ ಬಾಗಿಲಾದ್ರೆ ಕೀಲು ತಿರುಚಿರತ್ತೆ, ಚೌಕಟ್ಟು ಕಿತ್ತು ಬಂದಿರತ್ತೆ. ಆ ಬಾಗಿಲಿನ ಚಿಲಕ ಪೂರ್ತಿ ಹಿಂದಕ್ಕೆ ಸರಿದಿತ್ತು. ಕೀಲು ನೆಟ್ಟಗಿತ್ತು. ಯಾರೋ ಕೈಯಿಂದ ತೆಗೆದ ಬಾಗಿಲು ಅದು. ಬಾಗಿಲು ತೆಗೆದಿದೆ ಸಾರ್ ಅಂತ ಆ ಅಧಿಕಾರಿಗೆ ಒಂದು ಸಲ ಅಂದೆ. ಬಿದ್ದ ರಭಸಕ್ಕೆ ತೆಗೆದಿರತ್ತೆ ಅಂದ. ವಿಮಾನ ಅವನಿಗೆ ಗೊತ್ತು, ನನಗೇನು ಗೊತ್ತು ಅಂತ ಸುಮ್ಮನಾದೆ." ಮಾವ ತಮ್ಮ ಅಂಗೈ ನೋಡಿಕೊಂಡರು. "ವಿಮಾನ ಗೊತ್ತಿರಲಿಲ್ಲ. ಬಾಗಿಲು ಗೊತ್ತಿತ್ತು."

"ನಂಗೂ ಹೇಳಲಿಲ್ವಲ್ಲ ನೀವು" ಎಂದರು ಅತ್ತೆ.

"ಹೇಳಿದ್ರೆ ನೀನು ಹೆಸರು ಬರೀತಿರ್ಲಿಲ್ಲ."

ಅತ್ತೆ ಎದ್ದು ಒಳಗೆ ಹೋದರು. ಪಾತ್ರೆಗಳ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಮರುದಿನವೇ ಬೆಟ್ಟಸಾಲಿನ ಆಚೆಗೆ ಹೋಗುವುದೆಂದು ಗಂಡಸರಿಬ್ಬರೂ ನಿಶ್ಚಯಿಸಿದರು. "ನೀನೂ ಹೋಗು" ಎಂದು ಅತ್ತೆ ನನಗೆ ಬುತ್ತಿ ಕಟ್ಟಿಕೊಟ್ಟರು. "ಇವರು ಸಂತೆಬೀದಿಲೇ ದಾರಿ ತಪ್ಪೋರು. ಅವನು ಕಂಡಕ್ಟರು, ಡ್ರೈವರ್ ಇಲ್ಲದೆ ಅವನಿಗೂ ದಾರಿ ಗೊತ್ತಾಗಲ್ಲ." ಮಾವನ ಜೊತೆ ಆ ದಿನ ಅವರು ಬೇರೆ ಮಾತಾಡಲಿಲ್ಲ.

ಬಸ್ಸಿನಲ್ಲಿ ಮೂರು ಗಂಟೆ, ಆಮೇಲೆ ಕಾಲುದಾರಿ. ಕಂಡಕ್ಟರು ಒಂದು ಕಾಗದದ ಮೇಲೆ ಗೆರೆ ಎಳೆದುಕೊಂಡು ಬಂದಿದ್ದ: ವಿಮಾನ ಹೋದ ದಿಕ್ಕು, ಅಂದಿನ ಗಾಳಿ, ತಾನು ಇಳಿದ ಜಾಗ. ಎರಡು ಹಳ್ಳಿಗಳಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಮೂರನೆಯದು ಇದ್ದಿಲು ಸುಡುವವರ ಕೇರಿ. ಆರೇಳು ಮನೆ, ಕಪ್ಪು ಮಣ್ಣು, ಹೊಗೆಯಾಡುವ ಗೂಡುಗಳು. ಗೂಡಿನ ಮುಂದೆ ಚೀಲ ಹೊಲಿಯುತ್ತ ಕೂತಿದ್ದ ಮುದುಕಿಯೊಬ್ಬಳನ್ನು ನಾನು ಕೇಳಿದೆ. ಯುದ್ಧದ ಕಾಲದಲ್ಲಿ ಆಕಾಶದಿಂದ ಇಳಿದವನ ಸುದ್ದಿ ಏನಾದರೂ ಗೊತ್ತೇ ಎಂದು.

ಮುದುಕಿ ದಬ್ಬಳ ನಿಲ್ಲಿಸಿದಳು. "ಇಷ್ಟು ತಡ ಮಾಡಿ ಬಂದ್ರಾ?" ಎಂದಳು.

ಗೂಡುಗಳ ಹಿಂದೆ ಕಡ್ಡಿಬೇಲಿ ಹಾಕಿದ ಒಂದು ಮಣ್ಣಿನ ದಿಬ್ಬ ಇತ್ತು. ಬೇಲಿಯ ಕಡ್ಡಿಗಳು ಹೊಸವು. ಪ್ರತಿ ವರ್ಷ ಬದಲಾಯಿಸುತ್ತಿದ್ದರಂತೆ, ಆಡು ನುಗ್ಗಬಾರದೆಂದು.

"ಮರದಲ್ಲಿ ಸಿಕ್ಕಿಹಾಕ್ಕೊಂಡಿದ್ದ" ಎಂದಳು ಮುದುಕಿ. "ಕಾಲು ಮುರಿದಿತ್ತು, ಹೊಟ್ಟೆ ಒಳಗೂ ಏನೋ ಆಗಿತ್ತು. ಆಗ ಇಲ್ಲೆಲ್ಲ ಶತ್ರುಗಳದೇ ಸೈನ್ಯ. ಇದ್ದಿಲ ಚೀಲಗಳ ಹಿಂದೆ ಬಚ್ಚಿಟ್ವಿ. ಹನ್ನೊಂದು ದಿನ ಇದ್ದ. ಒಳ್ಳೇ ಮಾತುಗಾರ. ನನ್ನ ಗಂಜಿ ನೀರಾಗಿದೆ ಅಂತ ದಿನಾ ಜಗಳ. ಹೆಂಡತಿಗೆ ಹೇಳಿ, ದೀಪದ ಬೆಳಕಲ್ಲಿ ಗಾಜು ಉಜ್ಜಬೇಡ ಅಂತ, ಕಣ್ಣು ಹೋಗತ್ತೆ ಅಂತ ಅನ್ನೋನು. ಇನ್ನೊಂದು ಕೇಳ್ತಿದ್ದ. ನನಗಿಂತ ಮೊದಲು ಒಬ್ಬ ಹಾರಿದ, ರೇಡಿಯೋದೋನು, ಅವನ ಕೊಡೆ ಬಿಚ್ಚಿತಾ ಅಂತ. ಎದ್ದರೂ ಅದೇ, ಮಲಗಿದರೂ ಅದೇ. ನಮಗೇನು ಗೊತ್ತು? ಕೊನೇ ದಿನ ನಮ್ಮೆಜಮಾನರು ನೋಡಲಾರದೆ, ಬಿಚ್ಚಿತು ಕಣಪ್ಪ, ನಾವೇ ಕಂಡ್ವಿ ಅಂತ ಸುಳ್ಳು ಹೇಳಿದ್ರು. ಆಮೇಲೆ ಕೇಳಲಿಲ್ಲ."

ಕಂಡಕ್ಟರು ಬೇಲಿಯ ಹೊರಗೆ ಮಂಡಿಯೂರಿದ್ದ. "ಸುಳ್ಳಲ್ಲ ಅಜ್ಜಿ" ಎಂದ. "ಬಿಚ್ಚಿತು. ಅದು ನಾನೇ."

ಮುದುಕಿ ಅವನ ತಲೆಯ ಮೇಲೆ ಇದ್ದಿಲು ಮೆತ್ತಿದ ಕೈ ಇಟ್ಟಳು. ಅವನು ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಮಾವ ಕೇಳಬೇಕಾದ ಪ್ರಶ್ನೆ ಇನ್ನೂ ಉಳಿದಿತ್ತು. "ಯುದ್ಧ ಮುಗಿದ ಮೇಲೆ ಯಾರಿಗೂ ಹೇಳಲಿಲ್ವಾ ನೀವು?"

"ಹೇಳದೆ ಏನು? ಒಬ್ಬ ಅಧಿಕಾರಿ ಬಂದಿದ್ದ. ಹೆಸರು ಹೇಳಿದ್ದಕ್ಕೆ ಕಾಗದ ತೆಗೆದು ನೋಡಿದ. ಆ ದಿನ ಬಿದ್ದ ವಿಮಾನದೋರು ಐವರೂ ಸಿಕ್ಕಿದ್ದಾರೆ, ಪೆಟ್ಟಿಗೇಲಿ ಇಟ್ಟು ಮಣ್ಣು ಮಾಡಿದೆ, ಇವನು ಬೇರೆ ಯಾರೋ ಅಂದ. ಬೇರೆ ಯಾರೋ ಅಂದ್ರೆ ಯಾರು ಅಂತ ಕೇಳ್ದೆ. ಗೊತ್ತಿಲ್ಲ ಅಂತ ಹೊರಟುಹೋದ."

ಬೇಲಿಯ ಒಂದು ಕಡ್ಡಿ ಸಡಿಲವಾಗಿತ್ತು. ಮಾವ ಅದನ್ನು ಕಿತ್ತು, ಕಲ್ಲಿನಿಂದ ಹೊಡೆದು ಮತ್ತೆ ನೆಟ್ಟರು. ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವರು ಊರು ಬರುವವರೆಗೂ ತಿರುಗಲಿಲ್ಲ. ಇಳಿಯುವಾಗ ಮಾತ್ರ ನನಗೆ, "ಇಷ್ಟು ವರ್ಷ ಅವಳೇ ಬಂದಿದ್ದಾಳೆ. ಈ ಸಲ ನಾನು ಹೋಗಬೇಕು" ಅಂದರು.

ನಾವು ಮೂವರೂ ಹುಡುಕಿಕೊಂಡು ಹೋದ ಕನ್ನಡಕದಮ್ಮನ ಮನೆ ಬಂದರಿನ ಹಿಂದಿನ ಓಣಿಯಲ್ಲಿ, ಮೂರನೆಯ ಮಹಡಿಯ ಒಂದೇ ಕೋಣೆ. ಕಿಟಕಿಯ ಪಕ್ಕದ ಮೇಜಿನ ಮೇಲೆ ಉಜ್ಜದ ಗಾಜಿನ ಬಿಲ್ಲೆಗಳು, ಗಾಜಿಗೆ ಹೊಳಪು ಕೊಡುವ ಕೆಂಪು ಪುಡಿಯ ಬಟ್ಟಲು, ಒದ್ದೆ ಬಟ್ಟೆ. ಮನೆಗೂ ಕೆಲಸ ತರುತ್ತಿದ್ದಳು. ಮಾವನನ್ನು ಕಂಡು ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಅದನ್ನು ನೋಡುವುದು ನನಗೇ ಕಷ್ಟವಾಯಿತು. "ಕೊನೆಗೂ ಸಿಕ್ಕಿದ್ರಲ್ಲ ಮೇಸ್ತ್ರಿಗಳೇ!" ಎಂದು ಇದ್ದ ಒಂದೇ ಕುರ್ಚಿಯನ್ನು ಒರೆಸಿ ಕೊಟ್ಟಳು. ಮಾವ ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದರು. ಬಾಗಿಲು, ಮರದ ತುಂಡು, ಗೋಣಿ, ಇದ್ದಿಲ ಕೇರಿ. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಕ್ಷಮೆ ಕೇಳಲಿಲ್ಲ. ಕೇಳುವುದಕ್ಕೆ ತಮಗೆ ಮುಖವಿಲ್ಲ ಎಂದು ಆಮೇಲೆ ನನಗೆ ಅಂದರು. ದೀಪದ ಬೆಳಕಿನ ಮಾತನ್ನು ಹೇಳಿದ್ದು ಕಂಡಕ್ಟರು.

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಗಾಜು ಬೆರಳಷ್ಟು ದಪ್ಪ ಇತ್ತು.

"ಹನ್ನೊಂದು ದಿನ" ಎಂದಳು.

"ಹೌದಮ್ಮ."

"ನಾನು ಮರದ ತುಂಡಿಗೆ ಹೂವಿಟ್ಟು ಬಂದೆ. ಇಪ್ಪತ್ನಾಲ್ಕು ವರ್ಷ. ಯಾವತ್ತೋ ಒಂದಿನ ನಿಮಗೆ ಥ್ಯಾಂಕ್ಸ್ ಹೇಳಬೇಕು ಅಂತ ಬೇರೆ."

ಕಂಡಕ್ಟರು ಮಾವನ ಪರವಾಗಿ ಏನೋ ಹೇಳಹೋದ: ಅಧಿಕಾರಿಯ ತಾಯಿ, ಅವಳಿಡುತ್ತಿದ್ದ ತಟ್ಟೆ, ಏಳು ವರ್ಷ ಬಾಗಿಲು ನೋಡುವುದು. ಅವಳು ಕೈಯೆತ್ತಿ ತಡೆದಳು.

"ನಾನು ನೋಡ್ತಿದ್ದೆ. ಏಳಲ್ಲ, ಎಪ್ಪತ್ತು ವರ್ಷ ನೋಡ್ತಿದ್ದೆ. ಹುಡುಕ್ತಾನೂ ಇದ್ದೆ. ಯುದ್ಧ ಮುಗಿದ ವರ್ಷವೇ ಆ ಬೆಟ್ಟದ ಕಲ್ಲು ಕಲ್ಲೂ ಕೇಳಿರ್ತಿದ್ದೆ. ಆ ಅಜ್ಜಿ ಯಜಮಾನರು ಬದುಕಿರೋವಾಗಲೇ ಅವರ ಕಾಲಿಗೆ ಬೀಳ್ತಿದ್ದೆ." ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನನ್ನ ದುಃಖ ಕಡಿಮೆ ಮಾಡಿ ಅಂತ ನಿಮ್ಮನ್ನ ಯಾರು ಕೇಳಿದ್ರು, ಮೇಸ್ತ್ರಿಗಳೇ?" ಎಂದಳು.

ಮಾವ ಆ ಕುರ್ಚಿಯನ್ನು ಅವಳ ಕಡೆ ಸರಿಸಿಟ್ಟು ಮೆಟ್ಟಿಲಿಳಿದರು.

ಊರಿಗೆ ಬಂದು ಮಾವ ಎರಡು ಕೆಲಸ ಮಾಡಿದರು. ಕಚೇರಿಗೆ ಒಂದು ಪತ್ರ ಬರೆಸಿದರು; ಬರೆದದ್ದು ಅತ್ತೆ. "ಅವತ್ತೂ ನನ್ನ ಅಕ್ಷರವೇ, ಇವತ್ತೂ ನನ್ನ ಅಕ್ಷರವೇ" ಎಂದು ಗೊಣಗುತ್ತಲೇ ಮುತ್ತು ಪೋಣಿಸಿದರು. ಅಡುಗೆಮನೆಯಲ್ಲಿ ಮೌನ ಮುರಿದದ್ದು ಆ ಗೊಣಗಾಟದಿಂದಲೇ. ಎರಡನೆಯದು, ಕೂಡಿಟ್ಟಿದ್ದ ಒಳ್ಳೆಯ ಮರ ತೆಗೆದು ಒಂದು ಪೆಟ್ಟಿಗೆಗೆ ಹಲಗೆ ಕೀಸತೊಡಗಿದರು. ಇದ್ದಿಲ ಕೇರಿಯಿಂದ ಅವನನ್ನು ತಂದು ಗೆಳೆಯರ ಸಾಲಿನಲ್ಲಿ ಮಲಗಿಸಬೇಕು, ಈ ಸಲ ನಿಜವಾದ ಪೆಟ್ಟಿಗೆಯಲ್ಲಿ, ಎಂಬ ಆಸೆ. ಹತ್ತು ದಿನ ಊಟದ ಹೊತ್ತು ಬಿಟ್ಟರೆ ಕೀಸುಳಿ ಕೆಳಗಿಡಲಿಲ್ಲ.

ಅಷ್ಟರಲ್ಲಿ ಕನ್ನಡಕದಮ್ಮನ ಕಾಗದ ಬಂತು. ನಾಲ್ಕೇ ಸಾಲು. ಅವಳು ಇದ್ದಿಲ ಕೇರಿಗೆ ಹೋಗಿ ಬಂದಿದ್ದಳು. ಅಜ್ಜಿಯ ಜೊತೆ ಎರಡು ದಿನ ಇದ್ದಳು. ಅವನನ್ನು ನೋಡಿಕೊಂಡವರ ಹತ್ತಿರವೇ ಅವನು ಇರಲಿ. ನಿಮ್ಮ ಪೆಟ್ಟಿಗೆ ಬೇಡ.

ಹಲಗೆಗಳು ತಿಂಗಳುಗಟ್ಟಲೆ ಗೋಡೆಗೆ ಒರಗಿದ್ದವು. ಒಂದು ದಿನ ಅತ್ತೆ, "ಮರ ಏನು ತಪ್ಪು ಮಾಡಿದೆ? ಇವಳ ಕೋಣೆಗೆ ಒಂದು ಅಟ್ಟ ಮಾಡಿಕೊಡಿ" ಅಂದರು. ಮಾವ ಮಾಡಿಕೊಟ್ಟರು. ನನ್ನ ಮಕ್ಕಳ ಪುಸ್ತಕಗಳು ಅದರ ಮೇಲಿದ್ದವು.

ಹದಿನಾಲ್ಕು ತಿಂಗಳ ನಂತರ ಕಚೇರಿಯಿಂದ ಜನ ಬಂದು ಎರಡು ಗೋರಿ ಅಗೆದರು. ಮಾವನೇ ಮುಂದೆ ನಿಂತು ತೋರಿಸಿದರು. ಗೋಣಿ ಮಣ್ಣಾಗಿತ್ತು, ತುಂಡುಗಳು ಹಾಗೇ ಇದ್ದವು. ನೋಡಲು ಊರಿನವರೆಲ್ಲ ಸೇರಿದ್ದರು. ಆಮೇಲೆ ಬೀದಿಯಲ್ಲಿ ಮಾತು ಹುಟ್ಟಿತು. ಮೂಲೆಮಟ್ಟವೇ ಸೊಟ್ಟ ಎಂದರು ಕೆಲವರು. ಪಾಪ, ಒಳ್ಳೆಯದಕ್ಕೇ ಮಾಡಿದ್ದು ಎಂದರು ಕೆಲವರು. ಮೊದಲಿನ ಮಾತಿಗೆ ಮಾವ ತಲೆಯಾಡಿಸುತ್ತಿದ್ದರು. ಎರಡನೆಯದು ಕೇಳಿದರೆ ಎದ್ದು ಹೋಗುತ್ತಿದ್ದರು.

ಕಂಡಕ್ಟರು ಮಾತ್ರ ಬರುತ್ತ ಹೋಗುತ್ತ ಇದ್ದ. ರಜೆ ಸಿಕ್ಕಾಗಲೆಲ್ಲ ಬಂದು, ಅಂಗಡಿಯ ದಿಮ್ಮಿಯ ಮೇಲೆ ಕೂತು, ಮಾವನ ಒಂದು ಮಾತಿಗೆ ತಾನು ನೂರು ಮಾತಾಡಿ ಹೋಗುತ್ತಿದ್ದ. ತನ್ನ ಗೋರಿ ತೆಗೆಸಿದ ಮೇಲೆ ಬೆನ್ನುನೋವು ಹೋಯಿತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಕನ್ನಡಕದಮ್ಮ ಮೂರು ವರ್ಷ ನಮ್ಮೂರಿಗೆ ಬರಲಿಲ್ಲ. ಅವಳು ಬರುತ್ತಿದ್ದ ಆ ದಿನ ಬಂದಾಗಲೆಲ್ಲ ಅತ್ತೆ ಟೀಗೆ ಒಂದು ಲೋಟ ನೀರು ಹೆಚ್ಚಿಗೆ ಇಟ್ಟು, ಆಮೇಲೆ ತಾವೇ ಕುಡಿಯುತ್ತಿದ್ದರು. ಮಾವ ಹಿತ್ತಿಲಿಗೆ ಹೋಗುವುದನ್ನು ಬಿಟ್ಟಿದ್ದರು. 

ನಾಲ್ಕನೆಯ ವರ್ಷ, ಬೇಸಿಗೆಯೂ ಅಲ್ಲದ ಒಂದು ಸಾಧಾರಣ ಬುಧವಾರ, ಅವಳು ಬಂದಳು. ಕಣ್ಣು ಮತ್ತಷ್ಟು ಮಂದವಾಗಿತ್ತು. ಹೊಸ್ತಿಲನ್ನು ಕಾಲಿನಿಂದ ತಡವಿ ದಾಟಿದಳು. ಮಾವ ಗರಗಸ ಕೆಳಗಿಟ್ಟು ಎದ್ದು ನಿಂತರು.

"ನನಗೊಂದು ಮೇಜು ಬೇಕು" ಎಂದಳು. ಬೇರೆ ಪೀಠಿಕೆ ಇಲ್ಲ. "ಕಾರ್ಖಾನೆ ಕೆಲಸ ಬಿಟ್ಟೆ. ಮನೇಲೇ, ಹಗಲು ಮಾತ್ರ, ಸ್ವಲ್ಪ ಸ್ವಲ್ಪ ಮಾಡ್ತೀನಿ. ನಮ್ಮ ಕಡೆ ಬಡಗಿಗಳು ಮಾಡಿದ್ದೆಲ್ಲ ಅಲುಗತ್ತೆ. ಅಲುಗಿದ್ರೆ ಗಾಜಿಗೆ ಗೀರು ಬೀಳತ್ತೆ."

"ಎತ್ತರ ಎಷ್ಟು?" ಎಂದು ಮಾವ ಕೇಳಿದರು.

ಅವಳು ಕುರ್ಚಿಯ ಮೇಲೆ ಕೂತು ಮೊಣಕೈ ಮಡಚಿ ತೋರಿಸಿದಳು. ಮಾವ ಅಳತೆಪಟ್ಟಿ ಹಿಡಿದರು. ಹನ್ನೆರಡು ದಿನ ಬೇಕು ಅಂದರು. ಅವಳು ಸರಿ ಎಂದು ಒಳಗೆ ಹೋಗಿ ಅತ್ತೆಯ ಜೊತೆ ಟೀ ಕುಡಿದಳು. ಒಳಗೆ ಏನು ಮಾತಾಯಿತೋ ನನಗೆ ತಿಳಿಯದು. ಒಂದು ಸಲ ನಗು ಕೇಳಿಸಿತು, ಯಾರದೆಂದು ಗೊತ್ತಾಗಲಿಲ್ಲ.

ಹದಿಮೂರನೆಯ ದಿನ ನನ್ನ ಗಂಡ ಮತ್ತು ಮಾವ ಮೇಜನ್ನು ಬಸ್ಸಿನ ಮೇಲೆ ಹಾಕಿಕೊಂಡು ಬಂದರಿಗೆ ಒಯ್ದರು. ಮೂರು ಮಹಡಿ ಹತ್ತಿಸಿ ಕಿಟಕಿಯ ಪಕ್ಕದಲ್ಲಿ ಇಟ್ಟರು. ಅವಳು ಎರಡೂ ಕೈ ಚಾಚಿ ಮೇಜಿನ ಅಂಚು ಸವರಿದಳು, ಮೂಲೆ ಸವರಿದಳು, ಮೇಲೆ ಒರಗಿ ಭಾರ ಹಾಕಿ ನೋಡಿದಳು. ಆ ನುಣುಪು ಹೆಬ್ಬೆರಳು ಒಂದು ಕಡೆ ನಿಂತಿತು.

"ಈ ಕಾಲು ಕೂದಲೆಳೆಯಷ್ಟು ಗಿಡ್ಡ ಇದೆ, ಮೇಸ್ತ್ರಿಗಳೇ."

ಮಾವ ಬಗ್ಗಿ ನೋಡಿದರು. ನಲವತ್ತು ವರ್ಷದಲ್ಲಿ ಆ ಮಾತನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ ಎಂದು ನನ್ನ ಗಂಡ ಬಂದು ಹೇಳಿದರು. ನೆಲವೇ ಸೊಟ್ಟ ಇರಬಹುದು ಎಂದು ನನ್ನ ಗಂಡ ಬಾಯಿ ಹಾಕಹೋದರೆ ಮಾವ ಸುಮ್ಮನಿರು ಎಂಬಂತೆ ಕೈ ಸನ್ನೆ ಮಾಡಿದರು.

"ಹೌದಮ್ಮ. ಗಿಡ್ಡ ಇದೆ" ಎಂದು ಮೇಜನ್ನು ಮಗುಚಿ, ಚೀಲದಿಂದ ಕೀಸುಳಿ ತೆಗೆದು, ಉಳಿದ ಮೂರು ಕಾಲುಗಳನ್ನು ಕೀಸಲು ಕೂತರು. ಅವಳು ಕಿಟಕಿಯ ಪರದೆ ಪೂರ್ತಿ ಸರಿಸಿ, ಅವರಿಗೆ ಬೆಳಕು ಬೀಳುವ ಹಾಗೆ ಪಕ್ಕಕ್ಕೆ ಸರಿದು ನಿಂತಳು.